ಏಕಾಂತಕ್ಕೆ ಎಷ್ಟು ಜನ ಬೇಕು: ಮಲಾವಿ ಸರೋವರದ ಎರಡು ದ್ವೀಪಗಳು

ನಿಮ್ಮಲ್ಲಿ ಕೆಲವರ ಮನೆಯಲ್ಲಿ ಗಾಜಿನ ತೊಟ್ಟಿಯೊಳಗೆ ಮೀನು ಸಾಕಿರಬಹುದು. ಬೆಂಗಳೂರಿನ ಅಕ್ವೇರಿಯಂ ಅಂಗಡಿಗಳಲ್ಲಿ ‘ಆಫ್ರಿಕನ್ ಸಿಕ್ಲಿಡ್’ ಎಂದು ಮಾರುವ, ನಿಂಬೆಹಣ್ಣಿನ ಬಣ್ಣದ, ಬೆನ್ನಿನ ರೆಕ್ಕೆಯಂಚಿಗೆ ಕಾಡಿಗೆ ತೀಡಿದಂತಿರುವ ಒಂದು ಪುಟ್ಟ ಮೀನನ್ನು ನೀವು ನೋಡಿರುತ್ತೀರಿ. ಅದರ ಮೂಲ ಮನೆ ಪೂರ್ವ ಆಫ್ರಿಕಾದ ಮಲಾವಿ ಸರೋವರ. ಅಷ್ಟು ದೊಡ್ಡ ಸರೋವರದಲ್ಲಿಯೂ ಆ ಹಳದಿ ಬಣ್ಣದ ಮೀನು ಪಶ್ಚಿಮ ದಡದ ಕೆಲವೇ ಬಂಡೆಗಳ ಆಸುಪಾಸಿನಲ್ಲಿ ಮಾತ್ರ ಸಿಗುತ್ತಿತ್ತು. ಇಂದು ಅದು ಜಯನಗರದ ಹಜಾರದಲ್ಲಿ ಈಜಾಡುತ್ತಿದೆ. ನಾನು ಹೋದದ್ದು ಅದರ ಊರಿಗೆ. ಅದೂ ಆ ಸರೋವರದ ಜನವಸತಿಯಿಲ್ಲದ ಒಂದು ದ್ವೀಪದಲ್ಲಿ ಕೆಲವು ದಿನ ಸುಮ್ಮನೆ ಇದ್ದು ಬರಲೆಂದು.

ಇಲ್ಲಿ ಚಿತ್ರಗಳನ್ನು ತೋರಿಸಬೇಕೆಂದು ಸಂಘಟಕರು ಕೇಳಿದ್ದರು. ಸೂರ್ಯಾಸ್ತದ ಚಿತ್ರಗಳು ಎಲ್ಲರ ಬಳಿಯೂ ಒಂದೇ ಬಗೆಯಾಗಿರುತ್ತವೆ, ಹಾಗಾಗಿ ಅವನ್ನು ಬಿಟ್ಟು ಒಂದು ಲೆಕ್ಕವನ್ನು ತಂದಿದ್ದೇನೆ. ನಾನು ಹಣ ಕೊಟ್ಟು ಕೊಂಡದ್ದು ಏಕಾಂತವನ್ನು. ಅದನ್ನು ನನಗೆ ಒದಗಿಸಲು ಎಷ್ಟು ಜನ ದುಡಿದರು ಎಂದು ಎಣಿಸುತ್ತಾ ಹೋದೆ, ಎಣಿಕೆ ಮುಗಿಯಲೇ ಇಲ್ಲ.

ಮೊದಲು ಸರೋವರವನ್ನು ಕಣ್ಣ ಮುಂದೆ ತಂದುಕೊಳ್ಳಿ. ವಿಕ್ಟೋರಿಯಾ ಮತ್ತು ಟಾಂಗನೀಕಾಗಳ ನಂತರ ಆಫ್ರಿಕಾದ ಮೂರನೆಯ ದೊಡ್ಡ ಸರೋವರವಿದು. ಉತ್ತರ ದಕ್ಷಿಣವಾಗಿ ಸುಮಾರು 580 ಕಿಲೋಮೀಟರ್ ಉದ್ದ, ಅಗಲವಾದೆಡೆಯಲ್ಲಿ ಸುಮಾರು 75 ಕಿಲೋಮೀಟರ್, ಅತ್ಯಂತ ಆಳದಲ್ಲಿ 700 ಮೀಟರ್. ಬೀದರಿನಿಂದ ಹಾಸನದವರೆಗಿನ ನಾಡನ್ನು ಒಂದು ಪಟ್ಟಿಯಂತೆ ಕತ್ತರಿಸಿ ನೀರು ತುಂಬಿದರೆ ಹೇಗೋ ಹಾಗೆ. ಮೂರು ದೇಶಗಳು ಅದರ ದಡದಲ್ಲಿವೆ, ಹೆಸರು ಮಾತ್ರ ಒಂದಲ್ಲ. ಮಲಾವಿಯವರಿಗೆ ಮಲಾವಿ, ಟಾಂಜಾನಿಯದವರಿಗೆ ನ್ಯಾಸಾ, ಮೊಜಾಂಬಿಕ್‌ನವರಿಗೆ ನಿಯಾಸಾ. ಗಡಿಯ ಬಗ್ಗೆ ಮಲಾವಿ ಮತ್ತು ಟಾಂಜಾನಿಯಗಳ ನಡುವೆ ಇಂದಿಗೂ ತಗಾದೆಯಿದೆ. 1890ರಲ್ಲಿ ಬ್ರಿಟನ್ನು ಮತ್ತು ಜರ್ಮನಿ ಮಾಡಿಕೊಂಡ ಒಪ್ಪಂದವೊಂದು ಗೆರೆಯನ್ನು ನೀರಿನ ನಡುವೆ ಎಳೆಯದೆ ಆಚೆ ದಡದ ಅಂಚಿನಲ್ಲೇ ಎಳೆದಿತ್ತೆಂಬುದು ಅದರ ಮೂಲ. ಈ ಗಡಿಯ ಮಾತಿಗೆ ಮುಂದೆ ಮತ್ತೆ ಬರುತ್ತೇನೆ, ಏಕೆಂದರೆ ನಾನು ಹೋದ ಎರಡನೆಯ ದ್ವೀಪದ ಕಥೆ ಗಡಿಯದ್ದೇ.

ನಾನು ಹೊರಟದ್ದು ಜುಲೈ ಕೊನೆಯಲ್ಲಿ. ಮುಂಬೈಯಿಂದ ಅಡಿಸ್ ಅಬಾಬಾ ಮಾರ್ಗವಾಗಿ ರಾಜಧಾನಿ ಲಿಲಾಂಗ್ವೆಗೆ ವಿಮಾನ. ಅಲ್ಲಿಂದ ಸರೋವರದ ದಕ್ಷಿಣ ತುದಿಯ ಕೇಪ್ ಮೆಕ್ಲಿಯರ್‌ಗೆ ನಾಲ್ಕೈದು ಗಂಟೆಯ ರಸ್ತೆ ಪ್ರಯಾಣ. ದಾರಿಯುದ್ದಕ್ಕೂ ಕೊಯ್ಲು ಮುಗಿದ ಜೋಳದ ಹೊಲಗಳು, ಬಿಸಿಲಿಗೆ ಒಣಗಿಸಿದ ಬಿಳಿ ಜೋಳದ ಹಿಟ್ಟು, ದಪ್ಪ ಸೊಂಟದ ಬಾವೊಬಾಬ್ ಮರಗಳು. ಜೋಳವೆಂದರೆ ಇಲ್ಲಿ ನಮ್ಮ ಉತ್ತರ ಕರ್ನಾಟಕದ ಜೋಳವಲ್ಲ, ಮುಸುಕಿನ ಜೋಳ. ಅದರ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಮರದ ಕೋಲಿನಿಂದ ತೊಳಸಿ ಮಾಡುವ ‘ನ್ಸಿಮಾ’ ಆ ದೇಶದ ಅನ್ನ. ಮಂಡ್ಯದವರೊಬ್ಬರು ನನ್ನ ಜೊತೆಗಿದ್ದಿದ್ದರೆ ಮೊದಲ ಊಟದಲ್ಲೇ ಅದನ್ನು ಬಿಳಿ ಮುದ್ದೆ ಎಂದು ಕರೆದುಬಿಡುತ್ತಿದ್ದರು. ವ್ಯತ್ಯಾಸವೊಂದಿದೆ: ಮುದ್ದೆಯನ್ನು ನಾವು ಸಾರಿನಲ್ಲಿ ಹೊರಳಿಸಿ ನುಂಗುತ್ತೇವೆ, ನ್ಸಿಮಾದ ತುತ್ತನ್ನು ಅಂಗೈಯಲ್ಲಿ ಉರುಟು ಮಾಡಿ, ಹೆಬ್ಬೆರಳಿನಿಂದ ಅದರಲ್ಲೊಂದು ಗುಳಿ ಒತ್ತಿ, ಆ ಗುಳಿಯಲ್ಲಿ ಪಲ್ಯವನ್ನು ಎತ್ತಿಕೊಂಡು ಅಗಿದು ತಿನ್ನುತ್ತಾರೆ.

ಕೇಪ್ ಮೆಕ್ಲಿಯರ್‌ಗೆ ಆ ಹೆಸರಿಟ್ಟವನು ಸ್ಕಾಟ್‌ಲೆಂಡಿನ ಮಿಷನರಿ, ಅನ್ವೇಷಕ ಡೇವಿಡ್ ಲಿವಿಂಗ್‌ಸ್ಟನ್. ಅವನು ಈ ಸರೋವರದ ದಡ ಮುಟ್ಟಿದ್ದು 1859ರ ಸೆಪ್ಟೆಂಬರಿನಲ್ಲಿ, ಮೆಕ್ಲಿಯರ್ ಅವನ ಗೆಳೆಯನಾಗಿದ್ದ ಖಗೋಳ ವಿಜ್ಞಾನಿ. 1875ರಲ್ಲಿ ಸ್ಕಾಟ್‌ಲೆಂಡಿನ ಮಿಷನರಿಗಳು ಅಲ್ಲಿ ನೆಲೆಯೂರಿದರು. ಅವರು ತಂದ ‘ಇಲಾಲಾ’ ಎಂಬ ಉಗಿದೋಣಿಯೇ ಈ ನೀರಿನ ಮೇಲೆ ತೇಲಿದ ಮೊದಲ ಉಗಿದೋಣಿ. ಅದು ತೇಲಿ ಬರಲು, ಸರೋವರದಿಂದ ಹೊರಹರಿಯುವ ಶೀರೆ ನದಿಯ ಜಲಪಾತಗಳು ಅಡ್ಡವಾಗಿದ್ದವು. ಹಾಗಾಗಿ ದೋಣಿಯನ್ನು ತುಂಡುತುಂಡಾಗಿ ಬಿಚ್ಚಿ, ನೂರಾರು ಹೊರೆಯಾಳುಗಳ ತಲೆ ಹೆಗಲುಗಳ ಮೇಲೆ ಹೊರಿಸಿ, ಜಲಪಾತಗಳನ್ನು ದಾಟಿದ ಮೇಲೆ ಮತ್ತೆ ಜೋಡಿಸಿದರು. ಮಿಷನರಿಗಳ ಹೆಸರುಗಳೆಲ್ಲ ಪುಸ್ತಕದಲ್ಲಿವೆ. ಹೊತ್ತವರ ಹೆಸರುಗಳು ಎಲ್ಲಿಯೂ ಕಾಣುವುದಿಲ್ಲ. ನನ್ನ ಎಣಿಕೆ ಅವರಿಂದ ಶುರುವಾಗಬೇಕೆಂದು ನನಗೆ ಅನ್ನಿಸುತ್ತದೆ.

ಮಲೇರಿಯಾಕ್ಕೆ ಒಬ್ಬೊಬ್ಬರಾಗಿ ಬಲಿಯಾದ ಮೇಲೆ 1881ರಲ್ಲಿ ಮಿಷನ್ನು ಉತ್ತರಕ್ಕೆ ಸರಿಯಿತು. ಸತ್ತವರ ಸಮಾಧಿಗಳು ಮರಗಳ ಕೆಳಗೆ ಇಂದಿಗೂ ಇವೆ. ಅದೇ ಕೊಲ್ಲಿಯಲ್ಲಿ, ಸುಮಾರು ಎಪ್ಪತ್ತು ವರ್ಷಗಳ ನಂತರ, ಇಂಗ್ಲೆಂಡಿನಿಂದ ಜೊಹಾನ್ಸ್‌ಬರ್ಗಿಗೆ ಹೋಗುವ ಬ್ರಿಟನ್ನಿನ ಬಿಒಎಸಿ ವಿಮಾನ ಸಂಸ್ಥೆಯ, ನೀರಿನ ಮೇಲೆ ಇಳಿಯುವ ವಿಮಾನಗಳು 1949-50ರ ಸುಮಾರಿನಲ್ಲಿ ತಂಗುತ್ತಿದ್ದವು. ಪ್ರಯಾಣಿಕರಿಗೆಂದು ದಡದಲ್ಲಿ ಒಂದು ಹೋಟೆಲೂ ಇತ್ತು. ಜ್ವರದ ಕೊಲ್ಲಿ ವಿಹಾರದ ಕೊಲ್ಲಿಯಾದದ್ದು ಹೀಗೆ. ವಿಮಾನಗಳು ನಿಂತವು, ಹೋಟೆಲು ಹೋಯಿತು, ಚೆಂಬೆ ಎಂಬ ಬೆಸ್ತರ ಹಳ್ಳಿ ಉಳಿಯಿತು, ಬೆಳೆಯಿತು.

ಚೆಂಬೆಯ ಮರಳಿನಿಂದ ಮುಂಬೊ ದ್ವೀಪ ಸುಮಾರು 10 ಕಿಲೋಮೀಟರ್ ದೂರ. ಇಚ್ಛೆಯಿದ್ದವರು ಎರಡು ಮೂರು ಗಂಟೆ ಹುಟ್ಟು ಹಾಕುತ್ತಾ ಕಯಾಕ್‌ನಲ್ಲಿ ಹೋಗಬಹುದು. ನಾನು ಹಾಗೆ ಹೋದೆ. ಮುಂದೊಬ್ಬ ಮಾರ್ಗದರ್ಶಿ, ಹಿಂದೆ ಯಂತ್ರದ ದೋಣಿಯಲ್ಲಿ ನನ್ನ ಚೀಲ, ಐಸು ತುಂಬಿದ ಪೆಟ್ಟಿಗೆ, ಟೊಮೆಟೊ, ಎಲೆಕೋಸು, ಗ್ಯಾಸ್ ಸಿಲಿಂಡರು, ಒಗೆದು ಮಡಿಸಿದ ಹಾಸುಬಟ್ಟೆಗಳು. ನಾನು ಬೆವರು ಸುರಿಸಿ ನನ್ನ ಏಕಾಂತವನ್ನು ನಾನೇ ಸಂಪಾದಿಸುತ್ತಿದ್ದೇನೆಂಬ ಭಾವ ನನ್ನಲ್ಲಿ ಉಕ್ಕುತ್ತಿರುವಾಗ ಆ ದೋಣಿ ನನ್ನನ್ನು ದಾಟಿ ಮುಂದೆ ಹೋಯಿತು, ಅದರಲ್ಲಿದ್ದ ಅಡುಗೆಯವರು ಕೈಬೀಸಿದರು. ನಾನು ತಲುಪುವಷ್ಟರಲ್ಲಿ ಅವರು ಒಲೆ ಹಚ್ಚಿ ಚಹಾ ಮಾಡಿಟ್ಟಿದ್ದರು.

ದ್ವೀಪದ ಅಡ್ಡಳತೆ ಹೆಚ್ಚೆಂದರೆ ಒಂದು ಕಿಲೋಮೀಟರ್. ಬಂಡೆಗಳು ಮನೆಗಾತ್ರದವು, ಆನೆಗುಂದಿಯ ಬಂಡೆಗಳನ್ನು ನೀರಿಗೆ ಇಳಿಬಿಟ್ಟಂತೆ. ಬಂಡೆಗಳ ಸಂದಿನಲ್ಲಿ ಅಂಜೂರ ಜಾತಿಯ ಮರಗಳು ಬೇರುಗಳನ್ನು ಹಗ್ಗದಂತೆ ಬಿಗಿದು ನಿಂತಿವೆ. ಆ ಬಂಡೆಗಳ ಮೇಲೆ ಮರದ ಅಟ್ಟಣೆ ಕಟ್ಟಿ, ಕ್ಯಾನ್ವಾಸಿನ ಗೋಡೆ, ಹುಲ್ಲಿನ ಮಾಡು ಹೊದಿಸಿದ ಕೆಲವು ಗುಡಾರಗಳಷ್ಟೇ ಅಲ್ಲಿಯ ವಸತಿ. ವಿದ್ಯುತ್ ತಂತಿ ಇಲ್ಲ, ದೀಪಕ್ಕೆ ಸೂರ್ಯನ ಶಕ್ತಿ. ಸ್ನಾನಕ್ಕೆ ಕ್ಯಾನ್ವಾಸಿನ ಬಕೆಟ್ಟು: ಸಂಜೆ ಇಷ್ಟು ಹೊತ್ತಿಗೆ ಬೇಕೆಂದು ಹೇಳಿದರೆ ಒಬ್ಬ ಹುಡುಗ ಬಿಸಿನೀರನ್ನು ಹೊತ್ತು ತಂದು, ಬಕೆಟ್ಟಿಗೆ ಸುರಿದು, ರಾಟೆಯ ಹಗ್ಗದಿಂದ ಮೇಲಕ್ಕೆಳೆದು, ಹಗ್ಗವನ್ನು ಗೂಟಕ್ಕೆ ಸುತ್ತಿ, ಸದ್ದಿಲ್ಲದೆ ಹೋಗಿಬಿಡುತ್ತಾನೆ. ಬಕೆಟ್ಟಿನ ತಳದಲ್ಲಿ ಜರಡಿಯಂಥ ಒಂದು ಬಾಯಿ. ಅದನ್ನು ತಿರುಗಿಸಿದರೆ ನೀರು ಸುರಿಯುತ್ತದೆ. ಎಷ್ಟು ಹೊತ್ತು ಸುರಿಯುತ್ತದೆ ಎಂಬುದನ್ನು ಮೊದಲ ದಿನ ತಿಳಿಯದೆ ಮೈಗೆಲ್ಲ ಸೋಪು ಹಚ್ಚಿಕೊಂಡು ನಿಂತವನಿಗೆ ನೀರಿನ ಬೆಲೆಯ ಬಗ್ಗೆ ಬೇರೆ ಉಪನ್ಯಾಸ ಬೇಕಾಗುವುದಿಲ್ಲ. ಶೌಚಾಲಯ ನೀರಿಲ್ಲದ್ದು, ಪ್ರತಿ ಸಲವೂ ಬದಿಯಲ್ಲಿರುವ ಡಬ್ಬದಿಂದ ಒಂದು ಚಿಪ್ಪು ಬೂದಿ ಬೆರೆಸಿದ ಮಣ್ಣು ಹಾಕಬೇಕು. ನಮ್ಮ ಅಜ್ಜಂದಿರ ಕಾಲದ ಗೊಬ್ಬರದ ಗುಂಡಿಯ ತತ್ತ್ವ, ಇಲ್ಲಿ ಅದಕ್ಕೆ ಡಾಲರಿನಲ್ಲಿ ಬಾಡಿಗೆ.

ಆ ರಾತ್ರಿ ಅತಿಥಿಗಳು ನಾವು ಐದು ಮಂದಿ ಇದ್ದೆವು. ನಮಗಾಗಿ ದ್ವೀಪದಲ್ಲಿದ್ದವರು ಒಂಬತ್ತು ಮಂದಿ: ಅಡುಗೆಯವರು, ಬಡಿಸುವವರು, ದೋಣಿಯವರು, ನೀರು ಹೊರುವವರು, ರಾತ್ರಿಯ ಕಾವಲುಗಾರರು. ಕಾಯಂ ನಿವಾಸಿಗಳು ಯಾರೂ ಇಲ್ಲದ ದ್ವೀಪ ಎಂದು ಕರಪತ್ರದಲ್ಲಿ ಬರೆದದ್ದು ಸುಳ್ಳಲ್ಲ. ಇವರೆಲ್ಲ ಸರದಿಯ ಮೇಲೆ ಬಂದು ಹೋಗುವವರು, ಮನೆ ಚೆಂಬೆಯಲ್ಲಿ.

ಕತ್ತಲಾದ ಮೇಲೆ ನೀರಿನ ಮೇಲೆ ದೀಪಗಳು ಹೊತ್ತಿಕೊಂಡವು. ಮೊದಲು ಎರಡು ಮೂರು, ಆಮೇಲೆ ದಿಗಂತದುದ್ದಕ್ಕೂ. ಚಂದ್ರನಿಲ್ಲದ ರಾತ್ರಿಗಳಲ್ಲಿ ಬೆಸ್ತರು ದೀಪ ಹಚ್ಚಿಕೊಂಡು ‘ಉಸಿಪಾ’ ಎಂಬ ಬೆರಳುದ್ದದ ಬೆಳ್ಳಿ ಮೀನಿಗೆ ಬಲೆ ಹಾಕುತ್ತಾರೆ. ಬೆಳಕಿಗೆ ಮೀನು ಮೇಲೇರಿ ಬರುತ್ತದೆ. ಮೊದಲು ಸೀಮೆಎಣ್ಣೆಯ ಗ್ಯಾಸ್‌ಲೈಟು ಇತ್ತು, ಈಗ ಎಲ್‌ಇಡಿ ಬಲ್ಬುಗಳು ಬಂದಿವೆ. ಲಿವಿಂಗ್‌ಸ್ಟನ್ ಈ ಸರೋವರವನ್ನು ನಕ್ಷತ್ರಗಳ ಸರೋವರ ಎಂದದ್ದು ಈ ದೀಪಗಳನ್ನು ಕಂಡೇ ಎಂದು ಅಲ್ಲಿ ಹೇಳುತ್ತಾರೆ. ಚೆಲುವೇನೋ ಚೆಲುವೇ. ಆದರೆ ಗುಡಾರದ ಮೆಟ್ಟಿಲ ಮೇಲೆ ಕೂತು ನಾನು ನೋಡುತ್ತಿದ್ದ ಒಂದೊಂದು ನಕ್ಷತ್ರದ ಕೆಳಗೂ ಚಳಿಯಲ್ಲಿ ಒದ್ದೆ ಹಗ್ಗ ಎಳೆಯುವ ನಾಲ್ಕೈದು ಜನರಿದ್ದರು.

ಈಗ ಮೀನಿನ ಮಾತು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ದ್ವೀಪವೆಂದರೇನು ಎಂಬುದು ನನಗೆ ಸರಿಯಾಗಿ ಅರ್ಥವಾದದ್ದು ನೀರಿನೊಳಗೆ ಮುಖ ಇಟ್ಟ ಮೇಲೆ.

ಜಗತ್ತಿನ ಬೇರಾವ ಸರೋವರದಲ್ಲಿಯೂ ಇಲ್ಲದಷ್ಟು ಮೀನಿನ ಜಾತಿಗಳು ಇಲ್ಲಿವೆ. ಸಿಕ್ಲಿಡ್ ಕುಟುಂಬವೊಂದರಲ್ಲೇ ಹಲವು ನೂರು ಜಾತಿಗಳು, ಬಹುಪಾಲು ಈ ಸರೋವರದ ಹೊರಗೆ ಎಲ್ಲೂ ಇಲ್ಲದವು. ಇಷ್ಟೊಂದು ಬಗೆಗಳು ಹುಟ್ಟಿದ್ದಕ್ಕೆ ಒಂದು ಕಾರಣ ಬಂಡೆಗಳು. ಬಂಡೆಗಳ ನಡುವೆ ಬದುಕುವ ಮೀನುಗಳಿಗೆ ಅಲ್ಲಿಯ ಜನ ‘ಎಂಬೂನಾ’ ಎನ್ನುತ್ತಾರೆ. ಎಂಬೂನಾ ಬಂಡೆಯ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತದೆ, ಬಂಡೆಯ ಸಂದಿನಲ್ಲಿ ಅಡಗುತ್ತದೆ, ಬಯಲು ಮರಳಿನ ಮೇಲೆ ಈಜಲು ಹೆದರುತ್ತದೆ. ಎರಡು ದ್ವೀಪಗಳ ನಡುವೆ ಕೆಲವೇ ಕಿಲೋಮೀಟರ್ ಮರಳೋ ಆಳದ ನೀರೋ ಇದ್ದರೆ ಅದಕ್ಕೆ ಅದು ಹಿಂದೂ ಮಹಾಸಾಗರವಿದ್ದ ಹಾಗೆ, ದಾಟಲಾರದು. ಹೀಗೆ ತಲೆಮಾರುಗಳುದ್ದಕ್ಕೂ ತನ್ನ ಬಂಡೆಯಲ್ಲೇ ಉಳಿದ ಮೀನು ತನ್ನದೇ ಬಣ್ಣ ಪಡೆಯಿತು. ಈ ದ್ವೀಪದಲ್ಲಿ ನೀಲಿ ಮೈಗೆ ಕಪ್ಪು ಪಟ್ಟೆ, ಮುಂದಿನ ದ್ವೀಪದಲ್ಲಿ ಅದರ ದಾಯಾದಿಗೆ ಕಿತ್ತಳೆಯ ಬೆನ್ನು. ಏಕಾಂತವನ್ನು ನಿಜವಾಗಿ ಅನುಭವಿಸಿದವು ಈ ಮೀನುಗಳು. ನಮ್ಮದು ಕೆಲವೇ ರಾತ್ರಿಗಳದ್ದು.

ಮರಿ ಸಾಕುವ ಕ್ರಮ ಇನ್ನೂ ವಿಚಿತ್ರ. ತಾಯಿ ಮೊಟ್ಟೆಗಳನ್ನು ಬಾಯೊಳಗೆ ತುಂಬಿಕೊಂಡು ಸುಮಾರು ಮೂರು ವಾರ ಹೊರುತ್ತದೆ, ಆ ದಿನಗಳಲ್ಲಿ ಹೊಟ್ಟೆಗೆ ಏನೂ ಇಲ್ಲವೆನ್ನುವಷ್ಟು ಉಪವಾಸ. ದವಡೆ ಊದಿದ ಮೀನೊಂದು ಬಂಡೆಯ ನೆರಳಿನಲ್ಲಿ ಅಲುಗಾಡದೆ ನಿಂತದ್ದನ್ನು ನನ್ನ ಮಾರ್ಗದರ್ಶಿ ಬೆರಳು ಮಾಡಿ ತೋರಿಸಿದ. ಅದೇ ಬಯಲಿನಲ್ಲಿ ‘ಕಲಿಗೋನೊ’ ಎಂಬ ಕಳ್ಳನೂ ಇದ್ದಾನೆ. ಆ ಹೆಸರಿನ ಅರ್ಥ ಮಲಗುವವನು ಎಂದು. ಮೈಮೇಲೆ ಕೊಳೆತಂತೆ ಕಾಣುವ ಕಂದು ಮಚ್ಚೆಗಳು. ಮರಳಿನ ಮೇಲೆ ಒಂದು ಮಗ್ಗುಲಾಗಿ ಬಿದ್ದು ಸತ್ತ ಮೀನಿನಂತೆ ನಟಿಸುತ್ತದೆ, ಹೆಣ ಕುಕ್ಕಲು ಪುಟ್ಟ ಮೀನುಗಳು ಹತ್ತಿರ ಬಂದೊಡನೆ ಎದ್ದು ನುಂಗುತ್ತದೆ. ಅದರ ವೈಜ್ಞಾನಿಕ ಹೆಸರಿನಲ್ಲಿ ಲಿವಿಂಗ್‌ಸ್ಟನ್ನನ ಹೆಸರು ಸೇರಿದೆ. ಇದರಲ್ಲಿ ಯಾವ ವ್ಯಂಗ್ಯವನ್ನೂ ನಾನು ಬೆರೆಸುತ್ತಿಲ್ಲ, ನೀವು ನಗುತ್ತಿದ್ದೀರಿ ಅಷ್ಟೇ.

ಬದುಕೆಲ್ಲ ಮೇಲಿನ ಪದರದಲ್ಲಿ ಎಂಬುದನ್ನೂ ಹೇಳಬೇಕು. ಈ ಸರೋವರದ ಮೇಲ್ನೀರು ಬೆಚ್ಚಗೆ, ಕೆಳನೀರು ತಣ್ಣಗೆ. ಎರಡೂ ಪೂರ್ತಿ ಬೆರೆಯುವುದೇ ಇಲ್ಲ. ಹಾಗಾಗಿ ಸುಮಾರು 250 ಮೀಟರಿಗಿಂತ ಕೆಳಗೆ ಆಮ್ಲಜನಕವಿಲ್ಲ, ಮೀನಿಲ್ಲ. ನೀರಿನಲ್ಲಿ ತೇಲುತ್ತಾ ಬೆಳೆಯುವ ಒಂದು ನೊಣದ ಮರಿ ಮಾತ್ರ ಆ ಉಸಿರಿಲ್ಲದ ನೀರಿಗೂ ಇಳಿದು ಬರುತ್ತದೆ. ಅಮಾವಾಸ್ಯೆಯ ಆಸುಪಾಸಿನಲ್ಲಿ ಆ ನೊಣಗಳು ಕೋಟಿಗಟ್ಟಲೆ ಏಳುವಾಗ ದೂರದಿಂದ ನೋಡಿದರೆ ಸರೋವರಕ್ಕೆ ಬೆಂಕಿ ಬಿದ್ದು ಹೊಗೆಯ ಕಂಬಗಳು ನಿಂತಂತೆ ಕಾಣುತ್ತದೆ. ಗಾಳಿ ಆ ಮೋಡವನ್ನು ದಡಕ್ಕೆ ತಂದರೆ ಜನ ಪಾತ್ರೆ ಬುಟ್ಟಿಗಳನ್ನು ಬೀಸಿ ಹಿಡಿದು, ಒತ್ತಿ, ವಡೆಯಂತೆ ತಟ್ಟಿ ಬೇಯಿಸಿ ತಿನ್ನುತ್ತಾರೆ. ನಾನು ತಿನ್ನಲಿಲ್ಲ. ಮಲೆನಾಡಿನಲ್ಲಿ ಚಿಗಳಿ ಚಟ್ನಿ ತಿಂದವರು ಯಾರಾದರೂ ಇಲ್ಲಿದ್ದರೆ ಅವರಿಗೆ ಅದು ಅಷ್ಟೇನೂ ಕಷ್ಟವಾಗದು.

ಮುಂಬೊ ಏಕೆ ಖಾಲಿಯಿದೆ? ನಾನು ಕೇಳಬೇಕಾಗಿದ್ದ ಮೊದಲ ಪ್ರಶ್ನೆ ಅದು. ಕೇಳಿದ್ದು ಮೂರನೆಯ ದಿನ. 1980ರಲ್ಲಿ ಮಲಾವಿ ಸರಕಾರ ಕೇಪ್ ಮೆಕ್ಲಿಯರ್ ಸುತ್ತಲಿನ ಗುಡ್ಡಗಳನ್ನೂ 12 ದ್ವೀಪಗಳನ್ನೂ ಅವುಗಳ ಸುತ್ತಲಿನ ಕಿರಿದಾದ ನೀರಿನ ಪಟ್ಟಿಯನ್ನೂ ಸೇರಿಸಿ ಮಲಾವಿ ಸರೋವರ ರಾಷ್ಟ್ರೀಯ ಉದ್ಯಾನವೆಂದು ಸಾರಿತು. ಸಿಹಿನೀರಿನ ಮೀನುಗಳ ರಕ್ಷಣೆಗೆಂದು ಹುಟ್ಟಿದ ಇಂಥ ಉದ್ಯಾನ ಜಗತ್ತಿನಲ್ಲಿ ಇದೇ ಮೊದಲನೆಯದು. 1984ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಚೆಂಬೆಯಂಥ ಹಳ್ಳಿಗಳನ್ನು ಎಬ್ಬಿಸಲಿಲ್ಲ, ಉದ್ಯಾನದ ನಡುವೆ ಹಳ್ಳಿಗಳು ನಡುಗಡ್ಡೆಗಳಂತೆ ಉಳಿದವು. ಆದರೆ ಗುಡ್ಡದ ಸೌದೆ ಉದ್ಯಾನದ್ದು, ದ್ವೀಪದ ಸುತ್ತಲಿನ ಮೀನು ಉದ್ಯಾನದ್ದು. ಮೀನು ಹೊಗೆಯಾಡಿಸಲು ಸೌದೆ ಬೇಕು. ಬದುಕಲು ಮೀನು ಬೇಕು. ನಾಗರಹೊಳೆಯ ಅಂಚಿನ ಹಾಡಿಗಳನ್ನು ಬಲ್ಲವರಿಗೆ ಈ ಮಾತನ್ನು ನಾನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಉದ್ಯಾನವಿಲ್ಲದಿದ್ದರೆ ಆ ಎಂಬೂನಾಗಳು ಉಳಿಯುತ್ತಿದ್ದವೇ ಎಂದು ಕೇಳಿದರೆ ನನಗೂ ಅನುಮಾನವೇ. ಉದ್ಯಾನ ಇರಬೇಕೆಂಬುದು ನನ್ನ ನಿಲುವು. ಆದರೆ ನಾನು ಅನುಭವಿಸಿದ ಮೌನ ನಿಸರ್ಗ ತಾನಾಗಿ ಕೊಟ್ಟದ್ದಲ್ಲ. ಕೆಲವರು ಅಲ್ಲಿ ಬಲೆ ಹಾಕದೆ ಉಳಿದದ್ದರಿಂದ ಉಂಟಾದದ್ದು. ಅವರನ್ನೂ ಎಣಿಕೆಯಲ್ಲಿ ಸೇರಿಸಿಕೊಂಡೆ.

ನಾಲ್ಕನೆಯ ದಿನ ಬೆಳಿಗ್ಗೆ ‘ಮ್ವೇರಾ’ ಎದ್ದಿತು. ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಆಗ್ನೇಯದಿಂದ ಬೀಸುವ ಗಾಳಿಯದು. ಒಮ್ಮೆ ಹಿಡಿದರೆ ಎರಡು ಮೂರು ದಿನ ಬಿಡದು. ಐನೂರು ಕಿಲೋಮೀಟರಿಗೂ ಮಿಕ್ಕಿ ಉದ್ದದ ನೀರಿನ ಮೇಲೆ ಗಾಳಿಗೆ ಅಡ್ಡವೇನೂ ಇಲ್ಲವಾಗಿ ಅಲೆಗಳು ಕಡಲಿನವೇ ಆಗುತ್ತವೆ. ನಮ್ಮ ಆಷಾಢದಲ್ಲಿ ಮಲ್ಪೆಯ ದೋಣಿಗಳು ಏಕೆ ದಡದಲ್ಲಿ ಮಲಗಿರುತ್ತವೆ ಎಂಬುದನ್ನು ಬಲ್ಲ ನಾನು ಈ ಗಾಳಿಯ ಬಗ್ಗೆ ಮುಂಚಿತವಾಗಿ ವಿಚಾರಿಸಬೇಕಿತ್ತು. ನನಗೆ ಪ್ರವಾಸ ಹೊಂದಿಸಿಕೊಟ್ಟ ಏಜೆಂಟರು, ಹೆಸರು ಬೇಡ, ಬೆಳಿಗ್ಗೆ ದ್ವೀಪದಿಂದ ದೋಣಿ, ಮಧ್ಯಾಹ್ನ ಮಂಕಿ ಬೇ ಬಂದರಿನಿಂದ ವಾರದ ಹಡಗು ಎಂದು ಅಚ್ಚುಕಟ್ಟಾಗಿ ಟೈಪು ಮಾಡಿ ಕೊಟ್ಟಿದ್ದರು. ದೋಣಿಯವರು ನೀರನ್ನೊಮ್ಮೆ ನೋಡಿ ‘ಕಾಯಾ ಮಾವಾ’ ಎಂದರು. ಚಿಚೇವಾ ಭಾಷೆಯಲ್ಲಿ ಅದರ ಅರ್ಥ: ಯಾರಿಗೆ ಗೊತ್ತು, ನಾಳೆ ಇರಬಹುದು. ನಮ್ಮ ಊರುಗಳಲ್ಲಿ ಒಂದು ಕಾಲಕ್ಕೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ವಾಪಸು ಕಳಿಸುತ್ತಿದ್ದರಲ್ಲ, ಆ ದೆವ್ವದ ಸ್ಥಿತಿ ನನ್ನದಾಯಿತು. ಎರಡು ದಿನ ನಾಳೆ ಬಾ. ಐಸು ಕರಗಿತು, ಟೊಮೆಟೊ ಮುಗಿಯಿತು. ಕೊನೆಯ ರಾತ್ರಿ ಅತಿಥಿಗಳೂ ಕೆಲಸದವರೂ ಒಂದೇ ಪಾತ್ರೆಯ ನ್ಸಿಮಾ ಮತ್ತು ಒಣ ಉಸಿಪಾದ ಸಾರನ್ನು ಒಂದೇ ಜಗಲಿಯ ಮೇಲೆ ಕೂತು ಉಂಡೆವು. ಆ ಪ್ರವಾಸದ ಅತ್ಯುತ್ತಮ ಊಟ ಅದೇ.

ಹಡಗು ತಪ್ಪಿತು. ಮುಂದಿನ ಹಡಗಿಗೆ ಒಂದು ವಾರ. ಆ ವಾರವನ್ನು ನಾನು ಚೆಂಬೆಯಲ್ಲಿ ಕಳೆದೆ. ದ್ವೀಪದಿಂದ ನೋಡಿದಾಗ ದಡದ ಹಳ್ಳಿ ಹೊಗೆಯ ಒಂದು ಗೆರೆಯಷ್ಟೇ ಆಗಿತ್ತು. ಹತ್ತಿರದಿಂದ ಅದು ಗದ್ದಲದ ಊರು. ಬೆಳಗಿನ ಜಾವಕ್ಕೆ ದೀಪದ ದೋಣಿಗಳು ಮರಳಿದೊಡನೆ ಹೆಂಗಸರು ಬೇಸಿನ್ನುಗಳೊಂದಿಗೆ ಮುತ್ತುತ್ತಾರೆ. ಸೊಂಟದೆತ್ತರದ ಚಪ್ಪರಗಳ ಮೇಲೆ ಬಲೆ ಹಾಸಿ, ಉಸಿಪಾವನ್ನು ಹರಡಿ, ಬಿಸಿಲೇರಿದಂತೆ ಕೈಯಾಡಿಸಿ ತಿರುವುತ್ತಾರೆ. ಒಣಗಿದಾಗ ಅದರ ಸದ್ದು ಒಣ ಎಲೆಯಂತಾಗುತ್ತದೆ; ಸದ್ದು ಕೇಳಿಯೇ ಚೀಲಕ್ಕೆ ತುಂಬುತ್ತಾರೆ. ದೊಡ್ಡ ಮೀನಾದ ‘ಚಾಂಬೊ’ ಮೊದಲಿನಷ್ಟು ಸಿಗುವುದಿಲ್ಲ. ಈ ಚಾಂಬೊ ಬೇರೆ ಯಾವುದೂ ಅಲ್ಲ, ಮೈಸೂರು ಮಂಡ್ಯದ ಕೆರೆಗಳಲ್ಲಿ ನಾವು ಜಿಲೇಬಿ ಮೀನು ಎನ್ನುವ ತಿಲಾಪಿಯಾದ ಹತ್ತಿರದ ಸಂಬಂಧಿ. 1952ರಲ್ಲಿ ಭಾರತಕ್ಕೆ ಬಂದ ಆ ಮೊಜಾಂಬಿಕ್ ತಿಲಾಪಿಯಾ ನಮ್ಮ ಕೆರೆಗಳನ್ನೆಲ್ಲ ಆಕ್ರಮಿಸಿಕೊಂಡಿತು. ಅದರ ದಾಯಾದಿ ತನ್ನ ಊರಿನಲ್ಲಿ ಬಲೆಗಳಿಗೆ ಸೋಲುತ್ತಿದೆ.

ಹೋಗಬೇಕೆಂದುಕೊಂಡವರಿಗೆ ಇಲ್ಲೊಂದು ಎಚ್ಚರಿಕೆ. ಈ ಸರೋವರದ ಕೆಲವೆಡೆ ಬಿಲ್‌ಹಾರ್ಜಿಯಾ ಎಂಬ ರೋಗದ ಹುಳುವಿದೆ. ಅದು ನೀರಿನ ಬಸವನಹುಳುವಿನಲ್ಲಿ ಬೆಳೆದು, ನೀರಿಗಿಳಿದವರ ಚರ್ಮವನ್ನು ತೂರಿ ಒಳಹೋಗುತ್ತದೆ. ಕೇಪ್ ಮೆಕ್ಲಿಯರ್‌ನಲ್ಲಿ 1980ರ ದಶಕದ ನಂತರ ಅದು ಹೆಚ್ಚಿದ್ದಕ್ಕೆ ವಿಜ್ಞಾನಿಗಳು ಕೊಡುವ ಒಂದು ಕಾರಣ ಗಮನಿಸುವಂಥದ್ದು: ಬಸವನಹುಳುವನ್ನೇ ಅಗಿದು ತಿನ್ನುವ ಸಿಕ್ಲಿಡ್‌ಗಳು ದಡದ ಬಲೆಗಳಲ್ಲಿ ಬರಿದಾದವು, ಹುಳುಗಳು ಹೆಚ್ಚಿದವು, ರೋಗ ಹೆಚ್ಚಿತು. ಮರಳಿ ಬಂದ ಕೆಲವು ವಾರಗಳ ನಂತರ ವೈದ್ಯರನ್ನು ಕಂಡು ಹೇಳಿದರೆ ಪ್ರಾಜಿಕ್ವಾಂಟೆಲ್ ಮಾತ್ರೆ ಕೊಡುತ್ತಾರೆ, ವಾಸಿಯಾಗುತ್ತದೆ. ಅತಿಥಿಗೆ ಅದು ಒಂದು ಸಲದ ಮಾತ್ರೆ. ದಿನವೂ ಆ ನೀರಿನಲ್ಲೇ ಪಾತ್ರೆ ತೊಳೆಯುವವರಿಗೆ ಹಾಗಲ್ಲ. ಮಲೇರಿಯಾದ ಮಾತ್ರೆಯನ್ನಂತೂ ಹೊರಡುವ ಮುನ್ನವೇ ಕೇಳಿಕೊಳ್ಳಿ.

ಕೊನೆಗೂ ಹಡಗು ಬಂತು. ಹೆಸರು ಇಲಾಲಾ, ಆ ಹಳೆಯ ಉಗಿದೋಣಿಯ ಹೆಸರೇ. ಗ್ಲಾಸ್ಗೊದಲ್ಲಿ ಕಟ್ಟಿ, ಬಿಡಿಭಾಗಗಳಾಗಿ ತಂದು ಜೋಡಿಸಿದ ಈ ಹಡಗು 1951ರಿಂದ ಸರೋವರದ ಉದ್ದಕ್ಕೂ ಓಡಾಡುತ್ತಿದೆ, ಆಗಾಗ ರಿಪೇರಿಗೆ ನಿಲ್ಲುವುದನ್ನು ಬಿಟ್ಟರೆ. ಕೆಳ ಅಂತಸ್ತಿನಲ್ಲಿ ಜೋಳದ ಮೂಟೆ, ಒಣಮೀನಿನ ಮೂಟೆ, ಕೋಳಿ, ಹಾಸಿಗೆ, ಸೈಕಲ್ಲು, ಅವುಗಳ ನಡುವೆ ಜನ. ಲಿಕೋಮಾ ದ್ವೀಪದ ಬಳಿ ಹಡಗು ದೂರದಲ್ಲೇ ಲಂಗರು ಹಾಕಿತು. ಹಡಗಿನ ಪಕ್ಕಕ್ಕೆ ಇಳಿಬಿಟ್ಟ ಸಣ್ಣ ದೋಣಿಗೆ ಕತ್ತಲಲ್ಲಿ ಇಳಿಯಬೇಕು. ಇಳಿಯುವವರೂ ಏರುವವರೂ ಒಂದೇ ಏಣಿಯಲ್ಲಿ. ನನ್ನ ಕೈಗೆ ಯಾರೋ ಒಂದು ಮಗುವನ್ನು ಕೊಟ್ಟರು, ಕೆಳಗಿನಿಂದ ಇನ್ಯಾರೋ ಅದನ್ನು ಇಸಿದುಕೊಂಡರು. ತಾಯಿ ಯಾರೆಂಬುದು ನನಗೆ ಕೊನೆಗೂ ಗೊತ್ತಾಗಲಿಲ್ಲ.

ಲಿಕೋಮಾ ಮುಂಬೊದ ತದ್ವಿರುದ್ಧ. ಸುಮಾರು 18 ಚದರ ಕಿಲೋಮೀಟರಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ. ಭೂಪಟದಲ್ಲಿ ಅದು ಮೊಜಾಂಬಿಕ್ ದಡಕ್ಕೆ ಅಂಟಿಕೊಂಡಂತಿದೆ, ಸುತ್ತಲಿನ ನೀರೂ ಮೊಜಾಂಬಿಕ್‌ನದು, ಆದರೆ ದ್ವೀಪ ಮಾತ್ರ ಮಲಾವಿಯದು. 1880ರ ದಶಕದಲ್ಲಿ ಆಂಗ್ಲಿಕನ್ ಮಿಷನ್ನು, ದಡದ ದಾಳಿಗಳಿಂದಲೂ ಗುಲಾಮರ ವ್ಯಾಪಾರದ ಹಾವಳಿಯಿಂದಲೂ ದೂರವಿರಲೆಂದು, ಈ ದ್ವೀಪವನ್ನು ಆರಿಸಿಕೊಂಡಿತು. ಮಿಷನ್ನು ಬ್ರಿಟಿಷರದಾದ್ದರಿಂದ, 1954ರಲ್ಲಿ ಪೋರ್ಚುಗೀಸರೊಂದಿಗೆ ಸರೋವರದ ನಡುಗೆರೆಯನ್ನು ಗಡಿಯೆಂದು ಒಪ್ಪಿಕೊಂಡಾಗಲೂ ಲಿಕೋಮಾ ಮತ್ತು ಪಕ್ಕದ ಚಿಜುಮುಲು ದ್ವೀಪಗಳು ಆಗ ಬ್ರಿಟಿಷರ ಕೈಯಲ್ಲಿದ್ದ ಮಲಾವಿಗೇ ಉಳಿದವು.

ಮಾವು ಮತ್ತು ಬಾವೊಬಾಬ್ ಮರಗಳ ಮೇಲೆ ಎದ್ದು ಕಾಣುವ ಸಂತ ಪೀಟರ್ ಕೆಥೆಡ್ರಲ್‌ನ ಕೆಲಸ ಶುರುವಾದದ್ದು 1903ರಲ್ಲಿ. ಉದ್ದ ಸುಮಾರು 100 ಮೀಟರ್. ಬಸ್ಸೇ ಇಲ್ಲದ, ರಸ್ತೆ ಎಂಬುದು ಹೆಸರಿಗಷ್ಟೇ ಇರುವ ದ್ವೀಪದಲ್ಲಿ ಇಂಗ್ಲೆಂಡಿನ ವಿಂಚೆಸ್ಟರ್ ಕೆಥೆಡ್ರಲ್‌ಗೆ ಹೋಲಿಸುವಂಥ ಕಟ್ಟಡ. ಒಳಗೆ ಒಂದು ಮರದ ಶಿಲುಬೆ ಇದೆ. 1873ರಲ್ಲಿ ಲಿವಿಂಗ್‌ಸ್ಟನ್ ಸತ್ತಾಗ ಅವನ ಜೊತೆಗಾರರು ಹೃದಯವನ್ನು ಈಗಿನ ಜಾಂಬಿಯಾದ ಚಿಟಾಂಬೊ ಎಂಬಲ್ಲಿ ಒಂದು ಮರದ ಬುಡದಲ್ಲಿ ಹೂತು, ದೇಹವನ್ನು ಒಣಗಿಸಿ, ಕಡಲ ತೀರದವರೆಗೆ ಹೊತ್ತು ತಂದರು. ಶಿಲುಬೆ ಆ ಮರದ್ದು. ಹೊತ್ತವರಲ್ಲಿ ಮುಖ್ಯರಾದ ಇಬ್ಬರು ಚೂಮಾ ಮತ್ತು ಸೂಸಿ. ಇಲ್ಲಿ ನಮಗೆ ಸಂಬಂಧಿಸಿದ ಒಂದು ಎಳೆಯಿದೆ. ಲಿವಿಂಗ್‌ಸ್ಟನ್ ಈ ಸರೋವರದ ಮೇಲೆ ಓಡಿಸಲೆಂದು ‘ಲೇಡಿ ನ್ಯಾಸಾ’ ಎಂಬ ಉಗಿದೋಣಿ ಕಟ್ಟಿಸಿದ್ದ. ಅದು ಸರೋವರವನ್ನು ತಲುಪಲೇ ಇಲ್ಲ. 1864ರಲ್ಲಿ ಅವನೇ ಅದನ್ನು ಹಿಂದೂ ಮಹಾಸಾಗರ ದಾಟಿಸಿ ಮುಂಬೈಗೆ ತಂದು ಮಾರಿದ. ಆ ದೋಣಿಯಲ್ಲಿ ಬಂದವರಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಹುಡುಗ ಚೂಮಾನೂ ಒಬ್ಬ, ಅವನು ಕೆಲಕಾಲ ಓದಿದ್ದು ಮುಂಬೈಯ ಮಿಷನ್ ಶಾಲೆಯಲ್ಲಿ. ಹೊತ್ತವರಲ್ಲಿ ಹೆಸರು ಉಳಿದ ಕೆಲವರಲ್ಲಿ ಅವನೊಬ್ಬ, ಆದ್ದರಿಂದ ಹೇಳಿದೆ.

ಲಿಕೋಮಾದಲ್ಲಿಯೂ ದುಬಾರಿ ಲಾಡ್ಜ್ ಇದೆ, ಅದರ ಹೆಸರೇ ಕಾಯಾ ಮಾವಾ. ನಾನು ಉಳಿದದ್ದು ಅಲ್ಲಿ ಅಲ್ಲ, ದಡದ ಒಂದು ಸಾಧಾರಣ ತಂಗುಮನೆಯಲ್ಲಿ. ಅಲ್ಲಿ ಗೋಡೆಯಾಚೆ ಶಾಲೆ, ಈಚೆ ಮರಗೆಣಸಿನ ಹಿಟ್ಟು ಕುಟ್ಟುವ ಒನಕೆ. ಬೆಳಿಗ್ಗೆ ಐದಕ್ಕೆ ಎಚ್ಚರ. ಏಕಾಂತವೆಂಬುದರ ಸುಳಿವೂ ಇರಲಿಲ್ಲ. ಮುಂಬೊದಲ್ಲಿ ಅಷ್ಟೂ ದಿನಗಳಲ್ಲಿ ನನಗೆ ಪರಿಚಯವಾಗದಷ್ಟು ಜನ ಇಲ್ಲಿ ಅರ್ಧ ದಿನದಲ್ಲಿ ‘ಮುಲಿ ಬ್ವಾಂಜಿ’ ಎಂದು ಕ್ಷೇಮ ಕೇಳಿದರು. ಕೇಳಿ ಮುಂದೆ ಹೋಗುವುದಿಲ್ಲ, ಉತ್ತರಕ್ಕೆ ನಿಲ್ಲುತ್ತಾರೆ.

ತಂಗುಮನೆಯ ಮುಂದೆ ಮಾವಿನ ಮರದ ಕೆಳಗೆ ಇಬ್ಬರು ಮುದುಕರು ‘ಬಾವೊ’ ಆಡುತ್ತಿದ್ದರು. ದಪ್ಪ ಮರದ ಹಲಗೆಯಲ್ಲಿ ನಾಲ್ಕು ಸಾಲು, ಸಾಲಿಗೆ ಎಂಟು ಗುಳಿ, ಒಟ್ಟು 64 ಬೀಜಗಳು. ನಾನು ನಿಂತು ನೋಡಿದೆ. ಒಂದು ಗುಳಿಯ ಬೀಜಗಳನ್ನು ಎತ್ತಿ ಒಂದೊಂದಾಗಿ ಮುಂದಿನ ಗುಳಿಗಳಿಗೆ ಹಾಕುವ ಆ ಕೈಯ ಚಲನೆ ನನ್ನ ಅಜ್ಜಿಯ ಚೆನ್ನೆಮಣೆಯದೇ. ನಮ್ಮದು ಎರಡು ಸಾಲಿನದು, ಸಾಲಿಗೆ ಏಳು ಗುಳಿ, ಆಟಿ ತಿಂಗಳ ಮಳೆಯಲ್ಲಿ ಮನೆಯೊಳಗೆ ಕೂತು ಹುಣಸೆಬೀಜ ಹಾಕಿ ಆಡುವಂಥದು. ಕೈಸನ್ನೆಯಿಂದ ಅದನ್ನು ವಿವರಿಸಲು ಹೋದೆ. ಅವರಲ್ಲೊಬ್ಬರು ಸರಿದು ಜಾಗ ಮಾಡಿಕೊಟ್ಟರು.

ಮೂರು ಆಟ ಆಡಿದೆ, ಮೂರರಲ್ಲೂ ಸೋತೆ. ನಾನು ಎರಡು ಸಾಲಿನ ಲೆಕ್ಕ ಹಾಕುತ್ತಿದ್ದೆ, ಅವರು ನಾಲ್ಕು ಸಾಲನ್ನೂ ಕಣ್ಣಿನಲ್ಲೇ ಎಣಿಸಿ ಮುಗಿಸಿ ನನಗಾಗಿ ಕಾಯುತ್ತಿದ್ದರು. ನಾಲ್ಕನೆಯ ಆಟದ ನಡುವೆ ಉತ್ತರಕ್ಕೆ ಹೋಗಿ ಮರಳಿದ ಇಲಾಲಾದ ಕೂಗು ಕೇಳಿಸಿತು. ಸುತ್ತ ಸೇರಿದ್ದ ಹುಡುಗರು ನನ್ನ ಚೀಲವನ್ನು ನಾನು ಹೇಳುವ ಮೊದಲೇ ತಲೆಯ ಮೇಲಿಟ್ಟುಕೊಂಡು ದಡದತ್ತ ಓಡಿದರು. ಮುದುಕರು ಹಲಗೆಯ ಮೇಲಿನ ಬೀಜಗಳನ್ನು ಇದ್ದಲ್ಲೇ ಬಿಟ್ಟು, ಮೇಲೆ ಒಂದು ಬಟ್ಟೆ ಹೊದಿಸಿ, ‘ಕಾಯಾ ಮಾವಾ’ ಎಂದರು.